ಅಮಾಸಿಯ ತೋಪಿನಗಾಡಿ

ನನ್ನ ತಮ್ಮನಿಗೆ ಹುಚ್ಚಪ್ಪ ಎಂದು ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು.

ಹಾನಗಲ್ಲಿನಲ್ಲಿ ನಮ್ಮದು ಗಾಡಿ ಕಟ್ಟುವ ಬಡಿಗೇರ ಮನೆ. ಅಪ್ಪ ಉಳಿವೆಪ್ಪ ಕಟ್ಟಿದ ಚಕ್ಕಡಿಗಳು ಅವನು ಸತ್ತ ಎಷ್ಟೋ ವರ್ಷದ ಮೇಲೂ ಹಿರೇಕೆರೂರು ಸಂತೆಗೆ ಹತ್ತಿ ಹೊರುತ್ತಿದ್ದವು. ಅವನು ಹೋದ ಮೇಲೆ ಬಾಚಿ, ಉಳಿ, ಗರಗಸ ಎಲ್ಲವೂ ಹುಚ್ಚಪ್ಪನ ಪಾಲಾದವು. ನನಗೆ ಬಣ್ಣದ ಗಡಿಗೆಗಳು ಉಳಿದವು. ನಮ್ಮ ಮನೆಯಲ್ಲಿ ಹೆಂಗಸು ಗಾಡಿಗೆ ಬಣ್ಣ ಬಳಿಯಬಹುದು, ಹತ್ಯಾರ ಮಾತ್ರ ಮುಟ್ಟಬಾರದು. ಗಂಡಸರಿಗೂ ಒಂದು ಕಟ್ಟು ಇತ್ತು: ಅಮಾವಾಸ್ಯೆ ದಿನ ಹತ್ಯಾರ ತೊಳೆದು, ಕುಂಕುಮ ಹಚ್ಚಿ, ಹೂ ಏರಿಸಿ ಸುಮ್ಮನೆ ಇಡಬೇಕು. ಅಮಾವಾಸ್ಯೆಗೆ ಉಳಿ ಹಿಡಿದ ಬಡಿಗನ ಗಾಡಿ ನಟ್ಟ ನಡುಹಳ್ಳದಲ್ಲಿ ಅಚ್ಚು ಮುರಿದುಕೊಂಡು ಕೂರುತ್ತದೆ ಎಂದು ಸುತ್ತಿನ ರೈತರೆಲ್ಲ ನಂಬಿದ್ದರು. ಅಂಥವನಿಂದ ಒಂದು ಗೂಟವನ್ನೂ ಕೆತ್ತಿಸುತ್ತಿರಲಿಲ್ಲ.

ನಾನು ಶಿಗ್ಗಾಂವಿಯ ಗಂಡನನ್ನು ಬಿಟ್ಟು ತವರಿಗೆ ಬಂದು ಒಂಬತ್ತು ವರ್ಷವಾಗಿತ್ತು. ನನ್ನ ಬಲಗಿವಿ ಕೇಳಿಸುವುದಿಲ್ಲ. ಅದು ಆ ಗಂಡನ ಕೈಕೆಲಸ. ಗಾಡಿಕೊಟ್ಟಿಗೆಯ ಮೂಲೆಯಲ್ಲಿ ನನ್ನ ಗಡಿಗೆಗಳು, ನನ್ನ ಚಾಪೆ. ತಮ್ಮನ ಹೆಂಡತಿ ರೊಟ್ಟಿಯನ್ನು ಕುಕ್ಕಿ ಹೋಗುತ್ತಿದ್ದಳು, ನಾನು ಉಂಡು ಬಣ್ಣ ಅರೆಯುತ್ತಿದ್ದೆ. ಅದಕ್ಕಿಂತ ಹೆಚ್ಚು ನನಗೇನೂ ಬೇಕಾಗಿರಲಿಲ್ಲ.

ಮೂವತ್ತೆಂಟನೇ ಇಸವಿಯಲ್ಲಿ ಹಿರೇಕೆರೂರಿನ ಹತ್ತಿ ಸಾವುಕಾರ ಕುಬೇರಪ್ಪನಿಗೆ ಹಡಗಿನ ಹುಚ್ಚು ಹಿಡಿಯಿತು. ಮುಂಬಯಿಯಲ್ಲಿ ಯಾವನೋ ಬಿಳಿಯನ ಬಂಗಲೆಯ ಸಾಮಾನು ಲಿಲಾವಾದಾಗ ಎರಡು ಮೊಳ ಉದ್ದದ ಕಟ್ಟಿಗೆಯ ಹಡಗು ಕೊಂಡು ತಂದಿದ್ದ. ಹಾಯಿ, ಹಗ್ಗ, ಹಾಯಿ ಕಟ್ಟುವ ಕೂವೆಮರ ಎಲ್ಲವೂ ಇದ್ದವು. ಬೆರಳುದ್ದದ ಎಂಟು ಹಿತ್ತಾಳೆಯ ತೋಪುಗಳೂ, ಅಂದರೆ ಫಿರಂಗಿಗಳೂ, ಇದ್ದವು. ಆದರೆ ತೋಪು ಕೂರುವ ಗಾಡಿಗಳನ್ನು ಗೆದ್ದಲು ತಿಂದು ಪುಡಿ ಮಾಡಿತ್ತು. ಹೊಸದಾಗಿ ಎಂಟು ಗಾಡಿ ಬೇಕೆಂದು ತೋಪುಗಳನ್ನು ನಮ್ಮಲ್ಲಿಗೆ ಕಳಿಸಿದ. ಸರಕಾರದ ಪ್ರಾಂತ ಸಾಹೇಬರು ಬಂದಾಗ ತೋರಿಸಬೇಕಂತೆ. ಕೆಲಸ ಒಪ್ಪಿಗೆಯಾದರೆ ಹಿರೇಕೆರೂರಿನ ಹೊಸ ಶಾಲೆಯಲ್ಲಿ ಬಡಿಗತನ ಕಲಿಸುವ ಮಾಸ್ತರಿಕೆಯನ್ನು ಹುಚ್ಚಪ್ಪನಿಗೇ ಕೊಡಿಸುತ್ತೇನೆಂದು ಹೇಳಿಕಳಿಸಿದ್ದ.

ಹುಚ್ಚಪ್ಪ ಆ ಸಂಜೆಯೇ ಕೊಟ್ಟಿಗೆಯ ತೊಲೆಗಳನ್ನು ಎಣಿಸತೊಡಗಿದ.

"ಮಾಸ್ತರಿಕಿ ಬಂತಂದ್ರ ಈ ಕೊಟಗಿ ಮಾರತೇನಿ. ನೀ ಶಿಗ್ಗಾಂವಿಗೆ ಹೋಗು. ನಿನ್ನ ಗಂಡಗ ಮೊದಲ ಹೇಳಿ ಕಳಿಸಿದ್ದೆ, ಕರಕೊಳ್ತೇನಿ ಅಂದಾನ."

"ಇನ್ನೊಂದು ಕಿವಿ ಉಳದೈತಿ, ಅದನ್ನೂ ತಗೊಳ್ಳಾಕ ಕರಕೊಳ್ತಾನೇನು?" ಎಂದೆ.

"ಗಂಡ ಅಂದಮ್ಯಾಲ ಒಂದೇಟು ಹೊಡದಾನು," ಎಂದು ಅವನು ಹೊರಗೆ ಹೋಗಿ ಉಗುಳಿ ಬಂದ.

ತೋಪು ತಂದವನು ಕುಬೇರಪ್ಪನ ಮನೆಯ ಆಳು ಹಸನಸಾಬ, ಸವಣೂರಿನ ಮುದುಕ. ಮೂವತ್ತು ವರ್ಷ ಮುಂಬಯಿ ಬಂದರಿನಲ್ಲಿ ಹಡಗಿನ ಕೂಲಿ ಮಾಡಿದವನು. ಹಳೆಯ ಕಾಲದ ತೋಪಿನ ಹಡಗೊಂದನ್ನು ಕಣ್ಣಾರೆ ಕಂಡಿದ್ದ. ಕೊಟ್ಟಿಗೆಯ ನೆಲದ ಮೇಲೆ ಇದ್ದಿಲಿನಿಂದ, ಹಡಗಿನ ಕಿಂಡಿಯ ಅಳತೆಗೆ ಸರಿಯಾಗಿ, ಗಾಡಿಯ ಚಿತ್ರ ಬರೆದ. ತಗ್ಗಾದ ಪೆಟ್ಟಿಗೆಯಂಥದ್ದು. ಎರಡು ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಹಲಗೆ, ಕೆಳಗೆ ನಾಲ್ಕು ಗಾಲಿ, ನಡುವೆ ಅರಗಾಲಿನ ಕಡ್ಡಿಗಳಿಲ್ಲದ ಗಟ್ಟಿ ಬಿಲ್ಲೆಯಂಥವು. ಹಡಗಿನ ನೆಲ ಅಂಚಿಗೆ ಇಳಿಜಾರಾಗಿರುವುದರಿಂದ ಮುಂದಿನ ಗಾಲಿ ತುಸು ದೊಡ್ಡವು, ಹಿಂದಿನವು ಸಣ್ಣವು.

"ಬಣ್ಣ ಕೆಂಪರಿ," ಎಂದ. "ಲಡಾಯಿಯೊಳಗ ರಕ್ತ ಬಿದ್ರ ಕಾಣಬಾರದಂತ."

ಹುಚ್ಚಪ್ಪ ನಕ್ಕ. "ಅರಗಾಲಿಲ್ಲದ ಗಾಲಿ ಹುಡುಗರ ಆಟಕ್ಕಾತು. ಏಳು ತಲಿ ಗಾಡಿ ಕಟ್ಟಿದ ಮನೆತನದಾಂವ ನಾನು. ನಿನ್ನ ಕಡಿಂದ ಕಲೀಬೇಕೇನೋ ಸಾಬಾ?" ಎಂದು ಚಿತ್ರವನ್ನು ಕಾಲಿನಿಂದ ಒರೆಸಿಬಿಟ್ಟ.

ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ಅವರಿಬ್ಬರೂ ಹೊರಗೆ ಹೋದ ಕೂಡಲೇ ಗಡಿಗೆಗಳ ಹಿಂದಿನ ಗೋಡೆಯ ಮೇಲೆ ಅದನ್ನು ಹಾಗೆಯೇ ಬರೆದಿಟ್ಟುಕೊಂಡೆ. ಯಾಕೆ ಎಂದು ಕೇಳಬೇಡಿ. ಆಗ ನನಗೂ ಗೊತ್ತಿರಲಿಲ್ಲ.

ಹುಚ್ಚಪ್ಪ ಕಟ್ಟಿದ ಗಾಡಿ ನೋಡಬೇಕಿತ್ತು ನೀವು! ಸುಳ್ಳು ಯಾಕೆ ಹೇಳಲಿ, ಕೈಯೇನೋ ಅಪ್ಪನದೇ. ರೂಪಾಯಿಯಷ್ಟಗಲದ ಗಾಲಿ, ಒಂದೊಂದಕ್ಕೂ ಹನ್ನೆರಡು ಅರಗಾಲು, ಸುತ್ತ ಕಬ್ಬಿಣದ ಹಳಿ, ಮುಂದೆ ಈಸಿನ ಉದ್ದ ಮರ, ಈಸಿನ ತುದಿಗೆ ನೊಗ. ನೊಗ! ನಾನು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕೆ.

"ಸಮುದ್ರದಾಗ ಯಾವ ಎತ್ತು ಹೂಡ್ತಾರೋ ತಮ್ಮಾ?"

"ಬಣ್ಣ ಬಳಿಯಾಕಿ ಬಣ್ಣ ಬಳೀಬೇಕು. ಬಾಯಿ ಮುಚ್ಚು."

ಮುಚ್ಚಿದೆ. ಅವನು ಹೇಳಿದಂತೆ ಆ ಎಂಟಕ್ಕೂ ಹಳದಿ ಬಳಿದು, ಮದುವೆಯ ಚಕ್ಕಡಿಗೆ ಬರೆದಂತೆ ಬಳ್ಳಿ, ಹೂ, ಗಿಳಿ ಬರೆದೆ. ಅವನು ಸೋತರೆ ಮಾಸ್ತರಿಕೆ ಇಲ್ಲ. ಮಾಸ್ತರಿಕೆ ಇಲ್ಲದಿದ್ದರೆ ಕೊಟ್ಟಿಗೆ ಉಳಿಯುತ್ತದೆ, ನನಗೆ ಶಿಗ್ಗಾಂವಿ ತಪ್ಪುತ್ತದೆ. ಸೋಲಲಿ ಮುಂಡೇಗಂಡ ಎಂದು ಗಿಳಿಯ ಕೊಕ್ಕಿಗೆ ಕೆಂಪು ಇಡುತ್ತಿದ್ದೆ.

ಆದರೆ ಕೈ ಸುಮ್ಮನಿರಬೇಕಲ್ಲ! ತಪ್ಪು ಗಾಡಿಗೆ ಬಣ್ಣ ಬಳಿದು ಬಳಿದು ಮೈಯೆಲ್ಲ ಉರಿಯುತ್ತಿತ್ತು. ಗೋಡೆಯ ಮೇಲಿನ ಚಿತ್ರ ದಿನಾ ಕಣ್ಣಿಗೆ ಬೀಳುತ್ತಿತ್ತು. ಅಮಾವಾಸ್ಯೆಗೆ ಹುಚ್ಚಪ್ಪ ಹತ್ಯಾರಗಳಿಗೆ ಹೂ ಏರಿಸಿ, ಹೆಂಡತಿಯನ್ನು ಕರೆದುಕೊಂಡು ಬೆಳಗಿನಲ್ಲೇ ಅವಳ ತವರು ಹಂಸಭಾವಿಗೆ ಹೋದ. ಮೂರು ದಿನ ಬರುವುದಿಲ್ಲ ಎಂದ. ನಾನು ಬಾಗಿಲ ಅಗಳಿ ಹಾಕಿ, ಸಣ್ಣ ಉಳಿಯ ಮೇಲಿನ ಹೂ ತೆಗೆದು ಪಕ್ಕಕ್ಕಿಟ್ಟೆ. ಹೆದರಿಕೆ ಆಗಲಿಲ್ಲವೇ ಎಂದರೆ, ಆಯಿತು. ಮೊದಲ ಹಲಗೆ ಸೀಳಿಹೋಯಿತು.

ಎರಡನೆಯದು ಸೀಳಲಿಲ್ಲ. ಅಪ್ಪ ಕೆತ್ತುವುದನ್ನು ಇಪ್ಪತ್ತು ವರ್ಷ ನೋಡಿದ ಕಣ್ಣು ಸುಮ್ಮನೆ ಹೋಗುವುದಿಲ್ಲ. ಸಾಗವಾನಿಯ ತುಂಡಿನಲ್ಲಿ ಹದಿನಾರು ಹಲಗೆ ಕತ್ತರಿಸಿ ಮೆಟ್ಟಿಲು ತೆಗೆದೆ. ದಪ್ಪ ಒಂದು, ಸಣ್ಣ ಒಂದು, ಎರಡು ಕೋಲು ದುಂಡಗೆ ಮಾಡಿಕೊಂಡು ಸೌತೆಕಾಯಿ ಹೆಚ್ಚಿದಂತೆ ಗಾಲಿ ಹೆಚ್ಚಿದೆ. ಆ ದಿನ ಮಧ್ಯಾಹ್ನ ಹೊರಗೆ ಯಾರೋ ಬಾಗಿಲು ಬಡಿದರು. ಉಳಿ ಕೆಳಗಿಟ್ಟು ಕೂತೆ. ಸ್ವಲ್ಪ ಹೊತ್ತಿಗೆ ಹೋದರು. ಮರುದಿನ ಜೋಡಿಸಿದೆ. ಮೂರನೆಯ ದಿನ ಕೆಮ್ಮಣ್ಣನ್ನು ಅಗಸೆ ಎಣ್ಣೆಯಲ್ಲಿ ಅರೆದು, ಅಳಿಲುಬಾಲದ ಕುಂಚದಿಂದ ಮೂಲೆ ಮೂಲೆಗೂ ಬಳಿದೆ. ಕಬ್ಬಿಣದ ಪಟ್ಟಿ ಇರಬೇಕಾದಲ್ಲಿ ದೀಪದ ಕಾಡಿಗೆಯಿಂದ ಗೆರೆ ಎಳೆದೆ. ಒಂದೂ ಗಿಳಿ ಬರೆಯಲಿಲ್ಲ. ಹತ್ತಿ ತುಂಬಿದ ಬುಟ್ಟಿಯಲ್ಲಿ ಎಂಟನ್ನೂ ಮಲಗಿಸಿ ಗಡಿಗೆಗಳ ಹಿಂದೆ ಮುಚ್ಚಿಟ್ಟೆ.

ಒಪ್ಪಿಸುವ ದಿನ ಹುಚ್ಚಪ್ಪ ಹಿರೇಕೆರೂರಿಗೆ ನನ್ನನ್ನೂ ಕರೆದುಕೊಂಡು ಹೋದ. ದಾರಿಯಲ್ಲಿ ಬಣ್ಣ ಕಿತ್ತುಹೋದರೆ ತಿದ್ದುವುದಕ್ಕೆ. ಬಣ್ಣದ ಸಾಮಾನಿನ ಜೊತೆ ಆ ಬುಟ್ಟಿಯೂ ಬಂತು. ಅದನ್ನು ಮನೆಯಲ್ಲಿ ಬಿಟ್ಟು ಬರಲು ಧೈರ್ಯ ಸಾಲಲಿಲ್ಲ. ತಮ್ಮನ ಹೆಂಡತಿ ಮೂಗು ತೂರಿಸದ ಮೂಲೆ ಇಲ್ಲ.

ಕುಬೇರಪ್ಪನ ಪಡಸಾಲೆಯ ನಡುವೆ ಮೇಜು, ಮೇಜಿನ ಮೇಲೆ ಹಡಗು. ಸಂತೆಯ ದಿನವಾದ್ದರಿಂದ ಹತ್ತಿ ತಂದ ಏಳೆಂಟು ರೈತರು ಗೋಡೆಗೆ ಒರಗಿ ಕೂತಿದ್ದರು. ಹುಚ್ಚಪ್ಪನಿಗೆ ಹೊಸ ಚಕ್ಕಡಿ ಕಟ್ಟಲು ಹೇಳಿದ್ದ ಗುದ್ಲೆಪ್ಪ ಗೌಡನೂ ಅಲ್ಲಿದ್ದ. ಹುಚ್ಚಪ್ಪ ಅಂಗವಸ್ತ್ರ ಸರಿಮಾಡಿಕೊಂಡು ಮೊದಲ ಗಾಡಿಯ ಮೇಲೆ ನೊಗಕ್ಕೆ ಬೆನ್ನು ಮಾಡಿ ತೋಪು ಕೂರಿಸಿ ಹಡಗಿನೊಳಗೆ ಇಟ್ಟ. ತೋಪಿನ ಬಾಯಿ ಹಡಗಿನ ಕಿಂಡಿಯಿಂದ ಹೊರಗೆ ಬರಬೇಕು. ಬರಲಿಲ್ಲ. ಗಾಲಿ ಎತ್ತರವಾಗಿ, ಬಾಯಿ ಕಿಂಡಿಯ ಮೇಲಿನ ಹಲಗೆಗೆ ಹೋಗಿ ಬಡಿಯಿತು. ನೊಗ ಹಿಂದಿನ ಕೂವೆಮರಕ್ಕೆ ಸಿಕ್ಕಿಬಿತ್ತು. ರೈತರಲ್ಲಿ ಒಬ್ಬ ಕಿಸಕ್ಕನೆ ನಕ್ಕ.

ಕುಬೇರಪ್ಪನ ಮುಖ ಕೆಂಪಾಯಿತು.

"ಇದೇನೋ? ಹಡಗಿಗೆ ಚಕ್ಕಡಿ ಮಾಡಿ ತಂದೀಯಲ್ಲೋ! ನಾಡದ್ದು ಪ್ರಾಂತ ಸಾಹೇಬ್ರು ಬರ್ತಾರ, ನಿನ್ನ ನೊಗಾ ನನ್ನ ಹೆಗಲ ಮ್ಯಾಲ ಇಟ್ಕೊಂಡು ನಿಂದರಲೇನು?"

"ನಾ ಹೇಳಿದ್ದೆನ್ರಿ ಧಣಿ," ಎಂದ ಹಸನಸಾಬ. "ಕೇಳಲಿಲ್ಲ."

ನನ್ನ ಹೊಟ್ಟೆ ತಣ್ಣಗಾಯಿತು. ಕೊಟ್ಟಿಗೆ ಉಳಿಯಿತು ಎಂದುಕೊಂಡೆ. ಸುಮ್ಮನೆ ಕೂತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕುಬೇರಪ್ಪ ಬಾಯಿ ನಿಲ್ಲಿಸಲಿಲ್ಲ.

"ಉಳಿವೆಪ್ಪನ ಮನೆತನ ಅಂತ ಕೊಟ್ಟೆ. ಆ ಉಳಿವೆಪ್ಪಗರ ಎಲ್ಲಿ ಬರ್ತಿತ್ತು? ಸುಳ್ಳ ಹೆಸರು ಮಾಡ್ಕೊಂಡು ಸತ್ತ."

ಅಪ್ಪನ ಹೆಸರು ಬಂದ ಕೂಡಲೇ ನನಗೆ ಶಿಗ್ಗಾಂವಿಯೂ ನೆನಪಾಗಲಿಲ್ಲ, ಕೊಟ್ಟಿಗೆಯೂ ನೆನಪಾಗಲಿಲ್ಲ. ಈ ಹಾಳು ಸಿಟ್ಟು ನನ್ನನ್ನು ಯಾವತ್ತು ಉದ್ಧಾರ ಮಾಡಿದೆ? ಬುಟ್ಟಿ ಎಳೆದು, ಹತ್ತಿ ಕಿತ್ತು ಬಿಸಾಡಿ, ಕೆಂಪು ಗಾಡಿಯೊಂದನ್ನು ತೆಗೆದು ಹಡಗಿನೊಳಗೆ ನಾನೇ ಇಟ್ಟೆ. ತೋಪು ಕೂರಿಸಿ ಮೆಲ್ಲಗೆ ನೂಕಿದೆ. ಗಾಲಿ ಉರುಳಿತು. ಹಿತ್ತಾಳೆಯ ಬಾಯಿ ಕಿಂಡಿಯ ನಟ್ಟನಡುವಿನಿಂದ ಹೊರಗೆ ಬಂದು ನಿಂತಿತು. ಹಸನಸಾಬ ಬಗ್ಗಿ ಹಿಂದಿನ ಗಾಲಿ ನೋಡಿ "ಯಾ ಅಲ್ಲಾ" ಎಂದ.

"ಇವನ್ನ ಯಾರು ಮಾಡಿದ್ರು?" ಎಂದ ಕುಬೇರಪ್ಪ.

ನಾನು ಬಾಯಿ ತೆರೆಯುವ ಮೊದಲೇ ಹುಚ್ಚಪ್ಪ ಮುಂದೆ ಬಂದ. "ನಾನರಿ. ಎರಡು ನಮೂನಿ ಮಾಡಿದ್ದೆ. ಯಾವುದು ಮನಸ್ಸಿಗೆ ಬರತೈತೋ ಅಂತ..."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸಾವುಕಾರ ಅವನ ಬೆನ್ನು ತಟ್ಟಿದ. "ಭಲೇ! ಹಿಂಗಂತ ಮೊದಲ ಹೇಳಬೇಕಲ್ಲೋ! ಮಾಸ್ತರಿಕಿ ನಿಂದ ಅಂತ ತಿಳಕೋ."

"ಸುಳ್ಳರೀ ಅದು!" ಎಂದೆ. "ನಾ ಮಾಡೇನಿ."

ರೈತರೆಲ್ಲ ನಕ್ಕರು. ಕುಬೇರಪ್ಪನೂ ನಕ್ಕ. "ಹೆಣ್ಮಗಳು ಉಳಿ ಹಿಡೀತಾಳೇನವಾ ಸಾವಂತ್ರವ್ವ? ಹೋಗು, ಒಳಗ ಹೋಗಿ ಚಾ ಕುಡಿ."

ಶಿಗ್ಗಾಂವಿಯ ಮನೆ, ಅದರ ಬಾಗಿಲು, ಬಾಗಿಲ ಹಿಂದೆ ನಿಂತವನು, ಎಲ್ಲವೂ ಕಣ್ಣ ಮುಂದೆ ಬಂದವು. ಅಳು ಬರಬೇಕಿತ್ತು, ಬರಲಿಲ್ಲ. ಹುಚ್ಚಪ್ಪನ ಎದುರು ಹೋಗಿ ನಿಂತೆ.

"ಆತೇಳು ತಮ್ಮಾ, ನೀನ ಮಾಡೀದಿ. ಅಮಾಸಿ ದಿನಾನ ಮಾಡೀದಲ್ಲ, ಅದನ್ನೂ ಹೇಳು ಇವರಿಗೆ."

"ಅಮಾಸಿ ದಿನ?" ಗುದ್ಲೆಪ್ಪ ಗೋಡೆ ಬಿಟ್ಟು ನೆಟ್ಟಗೆ ಕೂತ.

"ಹೌದರಿ ಗೌಡ್ರ," ಎಂದ ಹಸನಸಾಬ. ಅವನಿಗೆ ನಮ್ಮ ಕಟ್ಟು ಏನು ಗೊತ್ತು ಪಾಪ. "ಅಮಾಸಿ ಮಧ್ಯಾಹ್ನ ಧಣಿ ಕಳಿಸಿದ್ರಂತ ಹಾನಗಲ್ಲಿಗೆ ಹೋಗಿದ್ದೆ. ಒಳಗ ಉಳಿ ಸಪ್ಪಳ ಕೇಳಾಕತ್ತಿತ್ತು. ಬಾಗಿಲಾ ಬಡದೆ, ತಗೀಲಿಲ್ಲ."

ಗುದ್ಲೆಪ್ಪ ಎದ್ದು ನಿಂತ. "ಅಮಾಸಿ ದಿನ ಉಳಿ ಹಿಡದ್ಯಾ? ನನ್ನ ಗಾಡಿ ನೀ ಕಟ್ಟಬ್ಯಾಡ ಮಾರಾಯ. ನನಗ ಹೆಂಡ್ರು ಮಕ್ಕಳದಾರ." ಅವನ ಹಿಂದೆಯೇ ಇನ್ನೊಬ್ಬ ಎದ್ದ: "ನಂದೂ ಬ್ಯಾಡ."

ಹುಚ್ಚಪ್ಪ ಸುತ್ತ ನೋಡಿದ. ಆಮೇಲೆ ಎದೆ ಬಡಿದುಕೊಂಡು ಕೂಗಿದ:

"ನಾ ಅಮಾಸಿಗೆ ಹತ್ಯಾರ ಮುಟ್ಟಿಲ್ರೀ! ಅಪ್ಪನಾಣಿ! ಆ ಮೂರೂ ದಿನ ನಾ ಹಂಸಭಾವ್ಯಾಗಿದ್ದೆ, ನಮ್ಮ ಮಾವನ್ನ ಕೇಳ್ರಿ ಬೇಕಾರ!"

ಕೂಗಿದ ಮೇಲೆ ತಾನೇನು ಅಂದೆ ಎಂಬುದು ಅವನಿಗೆ ತಿಳಿಯಿತು.

"ಹಂಗಾರ ಇವನ್ನ ಮಾಡಿದ್ದು ಯಾರೋ?" ಎಂದ ಕುಬೇರಪ್ಪ ಮೆಲ್ಲಗೆ.

ಹುಚ್ಚಪ್ಪ ನೆಲ ನೋಡುತ್ತ ಅಂದ, "ಅಕ್ಕ."

ಮಾಸ್ತರಿಕೆ ರಾಣೇಬೆನ್ನೂರಿನ ಯಾವನಿಗೋ ಹೋಯಿತು. ಸುಳ್ಳು ಹೇಳುವ ಬಾಯಿ ಶಾಲೆಗೆ ಬೇಡವೆಂದ ಸಾವುಕಾರ. ಅವನ ಬಾಯಿ ದೊಡ್ಡ ಸತ್ಯವಂತನದು ನೋಡಿ! ತೋಪಿನಗಾಡಿ ಮುಂಬಯಿಯಿಂದ ತರಿಸಿದ್ದು ಎಂದು ಪ್ರಾಂತ ಸಾಹೇಬರಿಗೆ ಹೇಳಿದನಂತೆ. ಹಡಗಿಗೆ ಎರಡು ಸಣ್ಣ ದೋಣಿ ಬೇಕೆಂದು ಮಾತ್ರ ನನಗೇ ಹೇಳಿಕಳಿಸಿದ.

ಮನೆಗೆ ಬಂದ ದಿನ ಹುಚ್ಚಪ್ಪ ಹತ್ಯಾರಗಳನ್ನೆಲ್ಲ ಅಂಗಳಕ್ಕೆ ತಂದು, ಗೋಮೂತ್ರ ಸುರಿದು, ಬೂದಿ ಹಾಕಿ ತಿಕ್ಕಿದ. ಸಣ್ಣ ಉಳಿಯ ಹಿಡಿಯಲ್ಲಿ ನನ್ನ ಕೆಮ್ಮಣ್ಣು ಕೂತಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅದನ್ನು ತಂದು ನನ್ನ ಮೂಲೆಗೆ ಬೀಸಿ ಒಗೆದ. ಗಡಿಗೆಯೊಂದು ಒಡೆದು ಬಣ್ಣವೆಲ್ಲ ಚಾಪೆಯ ಮೇಲೆ ಹರಿಯಿತು.

"ಹೊಲಸ ಮಾಡೀದಿ. ಇನ್ನ ಅದು ನನಗ ಬ್ಯಾಡ. ನೀನ ಇಟ್ಕೊಂಡು ಸಾಯಿ!"

ನಾನು ಒಡೆದ ಗಡಿಗೆಯ ಚೂರುಗಳನ್ನು ಆಮೇಲೆ ಆರಿಸಿದೆ. ಮೊದಲು ಉಳಿ ಎತ್ತಿಕೊಂಡೆ.

ಮುಂದಿನ ಅಮಾವಾಸ್ಯೆಗೆ ಬೇಕೆಂದೇ ಬಾಗಿಲು ತೆರೆದಿಟ್ಟು ದೋಣಿ ಕೆತ್ತಲು ಕೂತೆ. ಮೊದಲ ಏಟು ಬಿದ್ದದ್ದೇ ತಡ, ಹುಚ್ಚಪ್ಪ ಉಣ್ಣುವ ತಾಟು ಬಿಟ್ಟು ಓಡಿಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತ. ಓಣಿಯವರೆಲ್ಲ ತನ್ನ ಖಾಲಿ ಕೈ ನೋಡಬೇಕಲ್ಲ! ಅಷ್ಟರಲ್ಲಿ ಗುದ್ಲೆಪ್ಪ ಗೌಡ ಹಾದುಹೋಗುತ್ತ ನಿಂತ.

"ಏನೋ ಹುಚ್ಚಪ್ಪ, ಅಮಾಸಿ ದಿನ ಉಳಿ ಸಪ್ಪಳ?"

"ನಾ ಅಲ್ರಿ ಗೌಡ್ರ!" ಎಂದು ಹುಚ್ಚಪ್ಪ ಎರಡೂ ಕೈ ಮೇಲೆತ್ತಿ ಕೂಗಿದ. "ಅಕ್ಕ ಕೆತ್ತಾಕತ್ತಾಳ! ನಮ್ಮ ಅಕ್ಕ!"

ನಾನು ಮಣೆ ತಿರುಗಿಸಿಕೊಂಡು, ಕೇಳುವ ಎಡಗಿವಿಯನ್ನು ಬಾಗಿಲ ಕಡೆ ಮಾಡಿ ಕೂತೆ.