ಸೋರಿಕೆ ಸಾಹೇಬರ ಬಾಯಿಬೀಗ

ಮೂವತ್ತೆರಡು ವರ್ಷ ನೀರು ಸರಬರಾಜು ಇಲಾಖೆಯಲ್ಲಿ ನೆಲಕ್ಕೆ ಕಬ್ಬಿಣದ ಸರಳು ಊರಿ, ಅದರ ತುದಿಗೆ ಕಿವಿ ಕೊಟ್ಟು, ರಸ್ತೆಯಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳುತ್ತಿದ್ದ ಮನುಷ್ಯನಿಗೆ ತನ್ನ ಕಾಲಬುಡದಲ್ಲೇ ಸೋರುವುದು ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿತ್ತು. ಚೆನ್ನಾಗಿಯೇ ಗೊತ್ತಾಗಿತ್ತು. ಬಾಯಿ ಬಿಡುವ ಹಾಗಿರಲಿಲ್ಲ, ಅಷ್ಟೇ.

ಬೀದಿಯವರು ಅವರನ್ನು ಸೋರಿಕೆ ಸಾಹೇಬರು ಎಂದೇ ಕರೆಯುತ್ತಿದ್ದರು. ನಿವೃತ್ತಿಯಾದರೂ ಆ ಹೆಸರು ಬಿಟ್ಟುಹೋಗಿರಲಿಲ್ಲ. ಮಗ ಮೂರು ತಿಂಗಳ ಹಿಂದೆ ಯಾರೋ ಓಡಿಸಿ ಬಿಟ್ಟಿದ್ದ ಒಂದು ಕಾರು ಕೊಂಡು ತಂದಿದ್ದ. ನೋಡುವುದಕ್ಕೆ ಲಕ್ಷಣವಾಗಿತ್ತು. ಆದರೆ ಒಮ್ಮೊಮ್ಮೆ, ಅದೂ ಬುಧವಾರವೋ ಶನಿವಾರವೋ ಬೆಳಿಗ್ಗೆ, ಸೇತುವೆ ಏರಿನಲ್ಲಿ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿ, ಬಾನೆಟ್ಟಿನಿಂದ ಹೊಗೆಯೇಳುತ್ತಿತ್ತು. ಎಂಜಿನ್ನನ್ನು ತಣ್ಣಗಿಡುವ ಹಸಿರು ಕೂಲೆಂಟಿನ ಡಬ್ಬಿ ತೆರೆದರೆ ತಳ ಕಾಣುತ್ತಿತ್ತು. ಹೋದದ್ದು ಎಲ್ಲಿಗೆ? ಕಾರು ನಿಂತ ಜಾಗದಲ್ಲಿ ಒಂದು ಹನಿಯೂ ಇಲ್ಲ.

ಕಾರು ಓಡಿಸುತ್ತಿದ್ದವಳು ಸೊಸೆ. ರಕ್ತಪರೀಕ್ಷೆಯ ಕೇಂದ್ರ ಅವಳದು. ಬೆಳಿಗ್ಗೆ ಏಳಕ್ಕೆ ಅವಳು ಬಾಗಿಲು ತೆಗೆಯುವ ಹೊತ್ತಿಗೆ ಖಾಲಿ ಹೊಟ್ಟೆಯ ಜನ ಮೆಟ್ಟಿಲ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಬಂದವರಿಗೆಲ್ಲ ಸಕ್ಕರೆ ಬಿಡಿ, ಸಕ್ಕರೆ ವಿಷ ಎಂದು ಬುದ್ಧಿ ಹೇಳಿಯೇ ಸೂಜಿ ಚುಚ್ಚುವುದು. ಮಾವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ, ಇನ್ನು ಮನೆಗೆ ಸಿಹಿಯೇ ಬೇಡ, ನಾನೂ ಮುಟ್ಟುವುದಿಲ್ಲ ಎಂದು ಅವಳೇ ಎಲ್ಲರೆದುರು ಘೋಷಿಸಿದ್ದಳು. ಸಾಹೇಬರಿಗೆ ಕಣ್ಣಲ್ಲಿ ನೀರು ಬಂದಿತ್ತು. ಅರ್ಧ ಸೊಸೆಯ ತ್ಯಾಗಕ್ಕೆ, ಅರ್ಧ ಸಿಹಿ ಹೋಯಿತಲ್ಲ ಎಂದು.

ಗ್ಯಾರೇಜಿನವನನ್ನು ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗಿಟ್ಟು ಹಿಡಿಗೆ ಕಿವಿ ಹಚ್ಚಿ ಕೇಳುತ್ತಿದ್ದ ಅವನನ್ನು ಕಂಡರೆ ಸಾಹೇಬರಿಗೆ ತಮ್ಮದೇ ಜಾತಿಯವನು ಎಂಬ ಅಭಿಮಾನ. ಅವನು ಮೊದಲು ರೇಡಿಯೇಟರಿನ ಮುಚ್ಚಳ ಬದಲಿಸಿದ. ಆಮೇಲೆ ಥರ್ಮೋಸ್ಟಾಟು, ಆಮೇಲೆ ರಬ್ಬರಿನ ಹೋಸುಗಳು. ಪಂಪು ಹಚ್ಚಿ ಒತ್ತಡ ಕೊಟ್ಟು ನೋಡಿದ. ಒತ್ತಡದ ಮುಳ್ಳು ಇಟ್ಟ ಜಾಗದಿಂದ ಅಲ್ಲಾಡಲಿಲ್ಲ, ಎಂದರೆ ಎಲ್ಲೂ ಸೋರುತ್ತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಸಾಹೇಬರು ಪಕ್ಕದಲ್ಲಿ ನಿಂತು ಎಲ್ಲದಕ್ಕೂ ಹೂಂಗುಟ್ಟಿದರು. ಒಮ್ಮೆ ವಾಟರ್ ಪಂಪನ್ನೂ ನೋಡಿಬಿಡಪ್ಪ ಎಂದು ತಾವೇ ದಾರಿ ತಪ್ಪಿಸಿದರು.

ಇಷ್ಟರಲ್ಲಿ ಮಗ ಇನ್ನೊಂದು ಸಂಗತಿ ಪತ್ತೆ ಮಾಡಿದ. ಕಾರಿನಲ್ಲಿ ಸಿಹಿ ವಾಸನೆ. ಅಪ್ಪ ಮತ್ತೆ ಕದ್ದು ತಿನ್ನುತ್ತಿದ್ದಾರೆ ಎಂದು ಊಟದ ಮೇಜಿನ ಮುಂದೆ ಕಟ್ಟುನಿಟ್ಟಾಗಿ ಹೇಳಿದ. ಇನ್ನೊಮ್ಮೆ ಒಂದೇ ಒಂದು ಟಾಫಿ ಕಾಗದ ಕಣ್ಣಿಗೆ ಬಿದ್ದರೂ ಕ್ಲಬ್ಬು ಬಂದ್. ಮಂಗಳವಾರ ಮತ್ತು ಶುಕ್ರವಾರ ಸಂಜೆ ಸೊಸೆ ಬಿಡುತ್ತಿದ್ದ ಆ ಕ್ಲಬ್ಬಿನ ಕೇರಂ ಬೋರ್ಡು ಬಿಟ್ಟರೆ ಸಾಹೇಬರಿಗೆ ವಾರದಲ್ಲಿ ಬೇರೆ ಸುಖವಿರಲಿಲ್ಲ. ಅಲ್ಲಿ ಅವರು ಕೆಂಪು ಕಾಯಿಯನ್ನು ಹೊಡೆಯಲು ಬೆರಳು ಮಡಿಸಿದರೆ ನಾಲ್ಕು ಮೇಜಿನವರು ಎದ್ದು ಬಂದು ನೋಡುತ್ತಿದ್ದರು. ಸೊಸೆ ಮಾತ್ರ ಆ ಹೊತ್ತು ಕಾರಿಗೆ ನೀರಿದೆಯೋ ನೋಡಿ ಬರುತ್ತೇನೆ ಎಂದು ಎದ್ದುಹೋದಳು. ಪಾಪ, ಆ ಕಾರಿನ ಚಿಂತೆಯಲ್ಲಿ ಅವಳು ದಿನಾ ಸಂಜೆ ಹತ್ತು ಹದಿನೈದು ನಿಮಿಷ ಒಬ್ಬಳೇ ಅದರೊಳಗೆ ಕೂತಿರುತ್ತಿದ್ದಳು.

ಸಾಹೇಬರಿಗೆ ನಿಜವಾಗಿ ಸಿಟ್ಟು ಬಂದದ್ದು ಆರೋಪಕ್ಕಲ್ಲ, ಸಾಕ್ಷಿಗೆ. ಅವರು ತಿನ್ನುತ್ತಿದ್ದದ್ದು ನಿಜ. ಆದರೆ ಅವರ ಬೆಣ್ಣೆ ಟಾಫಿಗೆ ಆ ವಾಸನೆಯಿಲ್ಲ. ಅದು ಬಿಸಿ ಕೂಲೆಂಟಿನ ವಾಸನೆ.

ನಡೆದದ್ದು ಇಷ್ಟು. ಕ್ಲಬ್ಬಿಗೆ ಹೋಗುವ ಚಳಿಯ ಸಂಜೆ ಮೊಣಕಾಲು ನೋಯುತ್ತದೆ ಎಂದು ಅವರು ಮುಂದಿನ ಸೀಟಿನಲ್ಲಿ ಕೂತು ಹೀಟರಿನ ಗುಂಡಿ ತಿರುಗಿಸುತ್ತಿದ್ದರು. ಆ ಗುಂಡಿ ತಿರುಗಿದಾಗ ಮಾತ್ರ ಎಂಜಿನ್ನಿನ ಬಿಸಿ ನೀರು ಡ್ಯಾಶ್‌ಬೋರ್ಡಿನ ಒಳಗಿರುವ ಒಂದು ಪುಟ್ಟ ರೇಡಿಯೇಟರಿಗೆ ಹರಿಯುತ್ತದೆ. ತೂತು ಬಿದ್ದಿದ್ದು ಅದಕ್ಕೆ. ಅವರ ಮೊಣಕಾಲು ನೊಂದ ಸಂಜೆ ಕೂಲೆಂಟು ಸೋರುತ್ತಿತ್ತು, ಮರುದಿನ ಬೆಳಿಗ್ಗೆ ಸೊಸೆ ಸೇತುವೆಯ ಮೇಲೆ ನಿಲ್ಲುತ್ತಿದ್ದಳು. ಕಾಲ್ಚೀಲ ಒದ್ದೆಯಾದ ಮೊದಲ ದಿನವೇ ಸಾಹೇಬರು ರಬ್ಬರ್ ಹಾಸನ್ನು ಎತ್ತಿ ನೋಡಿ, ಮೆಲ್ಲಗೆ ಹಾಗೇ ಮುಚ್ಚಿದ್ದರು. ಯಾಕೆಂದರೆ ಅದನ್ನು ಸರಿಮಾಡಲು ಡ್ಯಾಶ್‌ಬೋರ್ಡು ಬಿಚ್ಚಬೇಕು. ಸೊಸೆ ಪೆಟ್ರೋಲ್ ಹಾಕಿಸಲು ಇಳಿದಾಗಲೆಲ್ಲ ಬಾಯಿಗೊಂದು ಟಾಫಿ ಹಾಕಿ, ಹಳದಿ ಕಾಗದವನ್ನು ಮುಂದಿನ ಗಾಜಿನ ಬುಡದ ಗಾಳಿ ಕಿಂಡಿಯಲ್ಲಿ ಅವರು ತುರುಕುತ್ತ ಬಂದಿದ್ದರು. ಅದು ಡ್ಯಾಶ್‌ಬೋರ್ಡಿನ ಹೊಟ್ಟೆಗೇ ಹೋಗುತ್ತಿತ್ತು.

ಒಂದು ಮಧ್ಯಾಹ್ನ ತಂತಿಗೆ ಕೊಕ್ಕೆ ಮಾಡಿಕೊಂಡು ಕಿಂಡಿಗೆ ಇಳಿಬಿಟ್ಟರು. ಕಾಗದ ಬರಲಿಲ್ಲ, ಕೊಕ್ಕೆಯೂ ಒಳಗೇ ಉಳಿಯಿತು.

ಹೀಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ಕೂತಿದ್ದಾಗ ಒಂದು ಶನಿವಾರ ಕಾರು ಸೇತುವೆಯ ಮೇಲೆ ಮತ್ತೆ ಕುದಿಯಿತು. ಮೆಟ್ಟಿಲ ಮೇಲೆ ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದ್ದ ಒಬ್ಬ ಅಜ್ಜಿ ತಲೆ ಸುತ್ತಿ ಬಿದ್ದರಂತೆ. ಹೆಚ್ಚೇನೂ ಆಗಲಿಲ್ಲ, ಆದರೆ ಸೊಸೆ ಮನೆಗೆ ಬಂದು ತಟ್ಟೆ ಮುಟ್ಟದೆ ಕೂತಳು. ತನ್ನಿಂದಲೇ ಆಯಿತು ಎಂದಳು. ಸಾಹೇಬರಿಗೆ ನಾಚಿಕೆಯಾಯಿತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ, ಬೇರೆಯೇನಲ್ಲ.

ಸೋಮವಾರ ಮೂವರೂ ಗ್ಯಾರೇಜಿಗೆ ಹೋದರು. ಡಾಕ್ಟರ್ ಕೈ ಒರೆಸಿಕೊಂಡು ತೀರ್ಪು ಕೊಟ್ಟ. ಹೊರಗೆ ಸೋರುತ್ತಿಲ್ಲ ಎಂದಮೇಲೆ ಒಳಗೇ ಸುಟ್ಟುಹೋಗುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಇಳಿಸಬೇಕು, ಒಂದು ತಿಂಗಳು. ಸ್ಪ್ಯಾನರ್ ಕೈಗೆತ್ತಿಕೊಂಡೂ ಬಿಟ್ಟ.

"ಎಂಜಿನ್ ಮುಟ್ಬೇಡ," ಎಂದರು ಸಾಹೇಬರು. "ಹೀಟರ್ ಗುಂಡಿ ಪೂರ್ತಿ ತಿರುಗ್ಸಿ, ಆಮೇಲೆ ಒತ್ತಡ ಕೊಟ್ಟು ನೋಡು."

ಡಾಕ್ಟರ್ ಹಾಗೇ ಮಾಡಿದ. ಒತ್ತಡದ ಮುಳ್ಳು ನೋಡುನೋಡುತ್ತಿದ್ದಂತೆ ಕೆಳಗಿಳಿಯಿತು. ಅವನು ಸಾಹೇಬರ ಮುಖವನ್ನೇ ನೋಡಿ, ಇದು ನಿಮಗೆ ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಿದ. ಸಾಹೇಬರು ಕೇಳಿಸದವರಂತೆ ಗೋಡೆಯ ಕ್ಯಾಲೆಂಡರ್ ನೋಡಿದರು.

ಡ್ಯಾಶ್‌ಬೋರ್ಡು ಬಿಚ್ಚಲು ಸಂಜೆಯಾಯಿತು. ಒಳಗಿನ ಪೆಟ್ಟಿಗೆಯ ತಳದಲ್ಲಿ ನೀರು ಹೊರಹೋಗಲು ಒಂದು ತೂತಿತ್ತು. ಅದಕ್ಕೆ ಬಿರಡೆಯಂತೆ ಕಚ್ಚಿಕೊಂಡಿತ್ತು ಒದ್ದೆ ಕಾಗದದ ಉಂಡೆ, ಜೊತೆಗೆ ತಂತಿಯ ಕೊಕ್ಕೆ. ಅದಕ್ಕೇ ನೆಲಕ್ಕೆ ಹನಿ ಬೀಳದೆ ಎಲ್ಲ ಹಾಸಿನಡಿ ಸೇರುತ್ತಿತ್ತು ಎಂದು ಡಾಕ್ಟರ್ ಖುಷಿಯಿಂದ ವಿವರಿಸಿ, ಉಂಡೆಯನ್ನು ಬಿಡಿಸಿ ಹಳೆ ಪೇಪರಿನ ಮೇಲೆ ಹರಡಿದ. ಊರಿನ ಸೋರಿಕೆಯೆಲ್ಲ ಹಿಡಿದ ಮನುಷ್ಯ ತನ್ನ ಮನೆಯ ಸೋರಿಕೆಯನ್ನು ತಾನೇ ಮುಚ್ಚಿ ಕೂತಿದ್ದ.

ಹಳದಿ ಕಾಗದಗಳನ್ನು ಸಾಹೇಬರು ಗುರುತಿಸಿದರು. ಆದರೆ ಅವುಗಳ ನಡುವೆ ಬೆಳ್ಳಿ ಬಣ್ಣದ ಹಾಳೆಗಳೂ ಇದ್ದವು, ಹಳದಿಗಿಂತ ಜಾಸ್ತಿಯೇ. ಅವರು ಜನ್ಮದಲ್ಲಿ ಆ ಚಾಕೊಲೇಟ್ ತಿಂದವರಲ್ಲ. ತಲೆಯೆತ್ತಿದರೆ ಸೊಸೆ ಸೆರಗಿನ ಅಂಚನ್ನು ಸುತ್ತುತ್ತ ನಿಂತಿದ್ದಳು, ಕಿವಿಯ ತುದಿ ಕೆಂಪಾಗಿತ್ತು. ದಿನಾ ಸಂಜೆಯ ಹದಿನೈದು ನಿಮಿಷ ಸಾಹೇಬರಿಗೆ ಒಮ್ಮೆಲೇ ಅರ್ಥವಾಯಿತು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

"ಅಪ್ಪಾ, ಇಷ್ಟೂ ನಿಮ್ದೇನಾ?" ಎಂದ ಮಗ.

ಸಾಹೇಬರು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡರು. "ಎಲ್ಲಾ ನಂದೇ ಕಣೋ," ಎಂದರು.

ಕ್ಲಬ್ಬು ಅಲ್ಲೇ ಬಂದಾಯಿತು. ಮಂಗಳವಾರ ಅವರು ಇಡೀ ಸಂಜೆ ಕಿಟಕಿಯ ಬಳಿ ಕೂತು, ಬರಿಗೈಯಲ್ಲಿ ಸ್ಟ್ರೈಕರ್ ಹೊಡೆಯುತ್ತಿದ್ದರು. ನೋಡಿದವರಿಗೆ ಪಾಪ ಅನಿಸುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಸೊಸೆ ಗಂಡನಿಗೆ ಗಂಭೀರವಾಗಿ ಹೇಳಿದಳು. ಇಷ್ಟೊಂದು ತಿಂದಿದ್ದಾರೆ ಎಂದಮೇಲೆ ಮಾವನನ್ನು ಹೀಗೆ ಬಿಡುವಂತಿಲ್ಲ, ವಾರಕ್ಕೆರಡು ಸಲ ತನ್ನ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ನೋಡಬೇಕು. ಮಂಗಳವಾರ, ಶುಕ್ರವಾರ. ಸಂಜೆ. ಮಗ ತಲೆಯಾಡಿಸಿದ.

ಆ ಸಂಜೆ ಅವಳು ನಿಜವಾಗಿಯೂ ಸೂಜಿ ಚುಚ್ಚಿ ಸಕ್ಕರೆ ನೋಡಿ, ಅಂಕಿ ಬರೆದುಕೊಂಡಳು. ಆಮೇಲೆ ಕಾರು ಮನೆಯ ಕಡೆ ತಿರುಗಲಿಲ್ಲ. ಕ್ಲಬ್ಬಿನ ಗೇಟಿನ ಮುಂದೆ ನಿಂತಿತು. ಸಾಹೇಬರು ಮೊಣಕಾಲು ಉಜ್ಜಿಕೊಳ್ಳುತ್ತ ಎದುರು ನೋಡಿದರು. ಗಾಜಿನ ಬುಡದ ಕಿಂಡಿಗೆ ಹೊಸ ಜಾಲರಿ ಅಂಟಿಸಿತ್ತು. ಗೇರಿನ ಪಕ್ಕ ಒಂದು ಪುಟ್ಟ ಬಟ್ಟೆಚೀಲ ತೂಗುತ್ತಿತ್ತು.

ಸೊಸೆ ಪರ್ಸಿನಿಂದ ಒಂದು ಬೆಣ್ಣೆ ಟಾಫಿ ತೆಗೆದು ಅವರ ಅಂಗೈಗೆ ಹಾಕಿದಳು. "ಅಂಕಿ ಸರಿ ಇದ್ರೆ ವಾರಕ್ಕೆ ಒಂದು, ಮಾವ. ಕಾಗದ ಕಿಂಡಿಗೆ ಬೇಡ, ಇಲ್ಲಿ ಹಾಕಿ."

ಸಾಹೇಬರು ಚೀಲದ ಬಾಯಿ ಬಿಡಿಸಿದರು. ತಳದಲ್ಲಿ ಆಗಲೇ ಒಂದು ಬೆಳ್ಳಿ ಹಾಳೆ ಬಿದ್ದಿತ್ತು.