ಚಳಿಗೆ ಬಿಳಿಚಿದ ಬೆರಳು

ಗುಬ್ಬಿ ಪಕ್ಕದ ಹಳ್ಳಿಯ ಹನುಮಂತಮ್ಮನಿಗೆ ಚಳಿಗಾಲ ಬಂತೆಂದರೆ ಬೆರಳುಗಳದೇ ಗೋಳು. ಬೆಳಗ್ಗೆ ತೊಟ್ಟಿಯ ನೀರಿನಲ್ಲಿ ಪಾತ್ರೆ ತೊಳೆದರೆ ಸಾಕು, ಬೆರಳ ತುದಿಗಳು ಸುಣ್ಣ ಬಳಿದಂತೆ ಬಿಳಿಚಿ, ಆಮೇಲೆ ನೀಲಿಯಾಗಿ, ಜೋಮು ಹಿಡಿಯುತ್ತಿದ್ದವು. ಅದಕ್ಕೆ ಆಕೆ ತಾನೇ ಒಂದು ಮದ್ದು ಕಂಡುಕೊಂಡಿದ್ದಳು. ಒಲೆಯಿಂದ ಇಳಿಸಿದ ರಾಗಿ ಹಿಟ್ಟನ್ನು ಹಬೆಯಾಡುತ್ತಿರುವಾಗಲೇ, ಕೈಗೆ ನೀರು ಕೂಡ ಮುಟ್ಟಿಸದೆ, ಬಾಚಿ ಮುದ್ದೆ ಕಟ್ಟುವುದು!

"ನೋಡ್ರೀ, ನಂಗೆ ಬಿಸೀನೇ ತಾಕಲ್ಲ" ಎಂದು ಗಂಡ ಶಿವರಾಮಯ್ಯನ ಮುಂದೆ ಜಂಬ ಬೇರೆ.

ಬಿಸಿ ಗೊತ್ತಾಗುತ್ತಿರಲಿಲ್ಲ ನಿಜ. ಆದರೆ ಸುಡುವುದನ್ನು ಅದು ಬಿಟ್ಟಿರಲಿಲ್ಲ. ತೋರುಬೆರಳಲ್ಲಿ ಬೊಬ್ಬೆ ಎದ್ದಿತು, ಒಡೆದು ಹುಣ್ಣಾಯಿತು. ಅರಿಶಿನ ಹಚ್ಚಿದ್ದಾಯಿತು, ಕೊಬ್ಬರಿ ಎಣ್ಣೆ ಹಚ್ಚಿದ್ದಾಯಿತು. ಮಾಯುವ ಬದಲು ತುದಿ ಕಪ್ಪಾಗತೊಡಗಿತು. ಬೆರಳೇ ಹೋದರೆ ಏನು ಗತಿ ಎಂದು ಹನುಮಂತಮ್ಮನಿಗೆ ಒಳಗೊಳಗೇ ದಿಗಿಲು. ಬಾಯಿ ಮಾತ್ರ ಬಿಡಲಿಲ್ಲ.

ಬಿ.ಪಿ. ನೋಡಲು ಬಂದ ಆರೋಗ್ಯ ಕೇಂದ್ರದ ನರ್ಸ್ ಸುಮನಾ ಕೈ ಹಿಡಿದವಳೇ ಬೆಚ್ಚಿದಳು.

"ಇದೇನ್ ಹನುಮಂತಕ್ಕ, ಬೆರಳು ಹಿಂಗಾಗೈತೆ?"

"ರಕ್ತ ಕಮ್ಮಿ ಕಣಮ್ಮ, ಬುಡು. ಬಿಸಿ ತಾಕಿಸಿದ್ರೆ ಸರಿಹೋಯ್ತದೆ."

"ರಕ್ತ ಐತಕ್ಕ, ದಾರಿ ಮುಚ್ಚೋಗ್ತೈತೆ. ಚಳಿ ತಾಕಿದ್ ತಕ್ಷಣ ಚರ್ಮದ ಜೀವಕೋಶಗಳು ರಕ್ತನಾಳಕ್ಕೆ ಸುದ್ದಿ ಮುಟ್ಟಿಸ್ತವೆ, ಬಿಗಿಯಾಗು ಅಂತ. ಮೈಯೊಳಗಿನ ಬಿಸಿ ಆಚೆ ಹೋಗ್ಬಾರ್ದಲ್ಲ, ಅದುಕ್ಕೆ. ಎಲ್ರಿಗೂ ಹಿಂಗೇ ಆಗೋದು. ಕೆಲವ್ರಿಗೆ ಮಾತ್ರ ಆ ಸುದ್ದಿ ಅತಿಯಾಗಿ, ನಾಳ ಮುಚ್ಕೊಂಡೇ ಬಿಡ್ತದೆ."

"ಜೀವಕೋಶ ಸುದ್ದಿ ಮುಟ್ಟಿಸ್ತವಾ? ಯಾವ್ ಫೋನಲ್ಲಮ್ಮ?" ಹನುಮಂತಮ್ಮ ಗಹಗಹಿಸಿ ನಕ್ಕಳು.

ಶಿವರಾಮಯ್ಯ ನಗಲಿಲ್ಲ. "ನೀರು ಸಾಲ್ದೇ ಇದ್ದಾಗ ನಾನು ತೋಟದ ಕೊನೇ ಸಾಲಿನ ವಾಲ್ವ್ ಮುಚ್ಚಲ್ವೇನೇ? ಒಳಗಿನ ತೆಂಗಿಗಾದ್ರೂ ನೀರು ಸಿಗ್ಲಿ ಅಂತ."

"ಮುಚ್ತೀರಿ. ಮುಚ್ಚಿ ಮರೆತ್ರೆ ಕೊನೇ ಸಾಲು ಒಣಗ್ತದೆ..." ಎಂದವಳು ತನ್ನ ಕಪ್ಪಾದ ಬೆರಳನ್ನೇ ತಿರುಗಿಸಿ ನೋಡಿಕೊಂಡಳು.

"ನಿಮ್ ಬಾಯಲ್ಲಿರೋ ಹೊಗೆಸೊಪ್ಪು ಐತಲ್ಲ, ಅದು ಆ ವಾಲ್ವನ್ನ ಇನ್ನೂ ಬಿಗಿ ಮಾಡ್ತದೆ" ಎಂದಳು ಸುಮನಾ.

"ಅದೊಂದ್ ಬುಟ್ಟು ಬೇರೆ ಏನಾರ ಹೇಳವ್ವ."

"ಬೆರಳು ಬೇಕೋ ಸೊಪ್ಪು ಬೇಕೋ, ನೀವೇ ಹೇಳಿ."

ಹನುಮಂತಮ್ಮ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದಳು. ಅವತ್ತೇ ಗಂಡನ ಗಾಡಿ ಹತ್ತಿ ಗುಬ್ಬಿ ಆಸ್ಪತ್ರೆಗೆ ಹೋದಳು. ಡಾಕ್ಟರ್ ಗಾಯ ತೊಳೆದರು, ರಕ್ತ ಪರೀಕ್ಷೆಗೆ ಬರೆದರು, ನಾಳ ಸಡಿಲಿಸುವ ಮಾತ್ರೆ ಕೊಟ್ಟರು. "ಇನ್ನೂ ತಡ ಮಾಡಿದ್ರೆ ತುದಿ ಉಳೀತಿರ್ಲಿಲ್ಲಮ್ಮ" ಎಂದಾಗ ಆಕೆಯ ಕಣ್ಣು ತುಂಬಿತು.

ಗಾಯ ಮಾಯುವವರೆಗೆ ಮುದ್ದೆ ಕಟ್ಟುವ ಪಾಳಿ ಶಿವರಾಮಯ್ಯನದು. ಒಂದೊಂದು ಮುದ್ದೆ ಒಂದೊಂದು ಆಕಾರ. "ಇದನ್ನ ನುಂಗೋದಾ, ಬೇಲಿಗೆ ಕಲ್ಲು ಅಂತ ಇಡೋದಾ?" ಎಂದು ಅಣಕಿಸುತ್ತಲೇ ಹನುಮಂತಮ್ಮ ಎರಡೆರಡು ಉಂಡಳು. ಪಾತ್ರೆಗೆ ಈಗ ಉಗುರುಬೆಚ್ಚಗಿನ ನೀರು, ಮೈಗೆ ಸ್ವೆಟರು, ಕಿವಿಗೆ ಮಫ್ಲರು. ಹೊಗೆಸೊಪ್ಪಿನ ಆಸೆಯಾದಾಗಲೆಲ್ಲ ಒಂದು ಚೂರು ಕೊಬ್ಬರಿ.

ಯುಗಾದಿ ಹೊತ್ತಿಗೆ ಬೆರಳು ಮಾಯಿತು. ಕೈ ಒದ್ದೆ ಮಾಡಿಕೊಂಡು ಹಿಟ್ಟು ಮುಟ್ಟಿದ ಹನುಮಂತಮ್ಮ ಚಕ್ಕನೆ ಕೈ ಹಿಂದೆಗೆದಳು.

"ಅಯ್ಯಪ್ಪಾ, ಸುಡ್ತದೆ ಕಣ್ರೀ!"

ಆ ಮಾತಿಗೆ ಗಂಡ ಹೆಂಡತಿ ಇಬ್ಬರೂ ಮನಸಾರೆ ನಕ್ಕರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಚಳಿಗೆ ನಿಮ್ಮ ಬೆರಳೂ ಬಿಳಿಚುತ್ತದೆಯೇ? ಜೋಮು ಹಿಡಿದ ಕೈಯನ್ನು ಬೆಂಕಿಗೆ ಹಿಡಿಯಬೇಡಿ, ಕುದಿ ನೀರಿಗೆ ಅದ್ದಬೇಡಿ. ಉಗುರುಬೆಚ್ಚಗಿನ ನೀರು ಸಾಕು. ಅದರ ಬಿಸಿಯನ್ನೂ ಮನೆಯ ಇನ್ನೊಬ್ಬರು ಮುಟ್ಟಿ ನೋಡಲಿ. ಮೈ ಬೆಚ್ಚಗಿಡಿ, ಬೀಡಿ ಹೊಗೆಸೊಪ್ಪು ಬಿಡಿ. ಬೆರಳು ಪದೇ ಪದೇ ಬಿಳಿಚಿದರೆ, ಹುಣ್ಣಾದರೆ, ಕಪ್ಪಾದರೆ ಅಂದೇ ಆಸ್ಪತ್ರೆಗೆ ಹೋಗಿ. ನೋವಿಲ್ಲ ಎಂದು ಸುಮ್ಮನಿರಬೇಡಿ, ಜೋಮು ಹಿಡಿದ ಬೆರಳಿಗೆ ನೋವು ಹೇಳಲು ಬರುವುದಿಲ್ಲ.