ಹೊಸ್ತಿಲಾಚೆಯ ಎಡಗಾಲಿನ ಚಪ್ಪಲಿ

ನಾನೊಂದು ಚಪ್ಪಲಿ, ಎಡಗಾಲಿನದು. ಬಾಗಲಕೋಟೆಯಲ್ಲಿ ಒಂದು ಆಸ್ಪತ್ರೆಯ ಪಕ್ಕದ ಅಂಗಡಿಯಲ್ಲಿ ನನ್ನನ್ನೂ ನನ್ನ ಜೋಡಿಯನ್ನೂ ಮೆತ್ತನೆಯ ರಬ್ಬರಿನಿಂದ ಕತ್ತರಿಸಿ ಹೊಲಿದರು. ಅಂದಚೆಂದ ಇರಲಿಲ್ಲ, ಸೊಕ್ಕಿಗೇನೂ ಕಮ್ಮಿಯಿರಲಿಲ್ಲ. ಸಕ್ಕರೆ ಕಾಯಿಲೆಯವರ ಪಾದ ಕಾಯಲೆಂದೇ ಹುಟ್ಟಿದವರು ನಾವು.

ನಮ್ಮನ್ನು ಕೊಂಡವರು ಇಳಕಲ್ಲಿನ ನೇಕಾರ ಅಂದಾನಪ್ಪ. ಸಕ್ಕರೆ ಅಂಟಿಕೊಂಡು ಬಹಳ ವರ್ಷವಾಗಿತ್ತು. ಗುಳಿಗೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ತಂಬಾಕು ಮಾತ್ರ ಒಂದು ಹೊತ್ತೂ ತಪ್ಪದು. ಆ ಆಸ್ಪತ್ರೆಯ ಡಾಕ್ಟರಮ್ಮ ಅವರ ಅಂಗಾಲಿಗೆ ಕಡ್ಡಿ ಮುಟ್ಟಿಸಿ, "ಗೊತ್ತಾತೇನ್ರಿ?" ಎಂದರು.

"ಯಾವಾಗ ಮುಟ್ಟಸ್ತೀರಿ?" ಎಂದರು ಅಂದಾನಪ್ಪ.

ಡಾಕ್ಟರಮ್ಮ ನಗಲಿಲ್ಲ. ನಮ್ಮನ್ನು ತಾವೇ ಅವರ ಕಾಲಿಗೆ ತೊಡಿಸಿದರು. "ಮನಿಯಾಗೂ ಹಾಕ್ಕೊಂಡ ಇರ್ರಿ. ಏನರ ಚುಚ್ಚಿದ್ರ ನಿಮಗ ತಿಳಿಯೂದಿಲ್ಲ."

ಮನೆ ಮುಟ್ಟಿದ ಕೂಡಲೇ ಅಂದಾನಪ್ಪ ನಮ್ಮನ್ನು ಹೊಸ್ತಿಲಾಚೆ ಬಿಟ್ಟರು. ಹೆಂಡತಿ ನೀಲವ್ವ ತಡೆದಳು. "ಒಳಗೂ ಹಾಕ್ಕೋರಿ ಅಂದಾರಲ್ಲರಿ."

"ಹುಚ್ಚೀ, ಮಗ್ಗ ಅಂದ್ರ ದೇವ್ರು. ಅದನ್ನ ಚಪ್ಪಲಿಲೆ ತುಳೀಲೇನು?"

ಅಂದಿನಿಂದ ಚಹಾದಂಗಡಿಗೆ, ಸಂತೆಗೆ ನಾವು. ಬೆಳಗಿನಿಂದ ಸಂಜೆಯವರೆಗೆ, ಕಾಲು ಇಳಿಬಿಟ್ಟು ಹಲಗೆ ತುಳಿಯುವ ಮಗ್ಗದ ಕುಣಿಯಲ್ಲಿ, ಬರಿಗಾಲು. ಕಾವಲುಗಾರನನ್ನು ಆಚೆ ನಿಲ್ಲಿಸಿ ಬಾಗಿಲು ಹಾಕಿಕೊಂಡ ಹಾಗೆ.

ಒಂದು ಸಂಜೆ ಅವರು ಕಾಲಿಟ್ಟಾಗ ನನ್ನ ಮೈ ಒದ್ದೆಯಾಯಿತು. ರಕ್ತ. ಕುಣಿಯಲ್ಲಿ ತುಳಿಯುವ ಹಲಗೆಯ ಮೊಳೆ ಎದ್ದಿತ್ತು. ದಿನವೆಲ್ಲ ಅದನ್ನೇ ತುಳಿದಿದ್ದರು. ನೀಲವ್ವ ನನ್ನನ್ನು ನೋಡಿ ಚೀರಿದಳು. "ಈಗಿಂದೀಗ ದವಾಖಾನಿಗೆ ನಡೀರಿ!"

"ನೋವ ಇಲ್ಲ, ಗಾಯ ಎಂಥಾದ್ದು? ಮದಿವಿ ಸೀರಿ ಮಗ್ಗದ ಮ್ಯಾಲೈತಿ. ಅದ ಮುಗೀಲಿ."

ಅರಿಸಿನ ಮೆತ್ತಿ ಮತ್ತೆ ಕುಣಿಗಿಳಿದರು. ಸೀರೆ ಮುಗಿಯುವ ಹೊತ್ತಿಗೆ ಪಾದ ಕಪ್ಪಾಗಿತ್ತು, ವಾಸನೆ ಬೀದಿಗೆ ಬರುತ್ತಿತ್ತು. ನಾನು ಕೂಗಬಲ್ಲವನಾಗಿದ್ದರೆ ಓಣಿಯೆಲ್ಲ ಕೂಡುವಂತೆ ಕೂಗುತ್ತಿದ್ದೆ.

ಆಸ್ಪತ್ರೆಯಿಂದ ಅವರು ಮರಳಿದಾಗ ಎಡಗಾಲು ಮೊಣಕಾಲಿನವರೆಗೆ ಮಾತ್ರ ಇತ್ತು. ಮಗ್ಗ ತುಳಿಯಲು ಎರಡು ಕಾಲು ಬೇಕು, ಮಗ್ಗ ನಿಂತಿತು. ನಾನು ಹೊಸ್ತಿಲ ಬಳಿ ಧೂಳು ಹಿಡಿದು ಬಿದ್ದೆ. ನನ್ನ ಜೋಡಿಗಾದರೂ ಇನ್ನು ಒಳಗೆ ಜಾಗ ಸಿಕ್ಕೀತು ಎಂದುಕೊಂಡೆ. ಆ ಕಾಲಿಗೂ ಸ್ಪರ್ಶವಿಲ್ಲ.

"ಉಳಿದದ್ದಕ್ಕರ ಹಾಕ್ಕೋರಿ" ಎಂದು ನೀಲವ್ವ ಅತ್ತಳು.

"ಮಗ್ಗ ನಿಂತ್ರ ದೇವ್ರು ಎದ್ದ ಹೋಗ್ಯಾನೇನು?"

ಬಲಗಾಲಿನದನ್ನೂ ನನ್ನ ಪಕ್ಕಕ್ಕೇ ಕಳಚಿಟ್ಟರು. ಈಗ ನಾವಿಬ್ಬರೂ ಆಚೆ ಕೂತು ಕೇಳುತ್ತೇವೆ. ಒಳಗೆ ಊರುಗೋಲಿನ ಸದ್ದು, ಅದರ ಹಿಂದೆಯೇ ಬರಿಗಾಲಿನ ಸದ್ದು.